ಮೊಳಕ್ಕೂ ಕಡಿಮೆ ಅಂತರ: ಟೋಕಿಯೊದಿಂದ ಬರಿಗೈಯಲ್ಲಿ ಬಂದ ನಮ್ಮ ತಂಡದ ಬಗ್ಗೆ

ಟೇಪು ಕತ್ತರಿ, ಬಳ್ಳಾರಿ | 18 ಸೆಪ್ಟೆಂಬರ್ 2025, ರಾತ್ರಿ 9:40

ಇವತ್ತು ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಜೀನ್ಸ್ ಹೊಲಿಗೆ ಘಟಕದ ಹನ್ನೊಂದು ಯಂತ್ರಗಳೂ ನಿಂತಿದ್ದವು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೊಬೈಲ್ ಒರಗಿಸಿಟ್ಟು, ಸುತ್ತ ನಿಂತು ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಜಾವೆಲಿನ್ ಫೈನಲ್ ನೋಡಿದೆವು. ಐದನೆಯ ಸುತ್ತಿನಲ್ಲಿ ಫೌಲ್ ಆಗಿ ನೀರಜ್ ಚೋಪ್ರಾ ಸ್ಪರ್ಧೆಯಿಂದ ಹೊರಬಿದ್ದಾಗ ಯಾರೂ ಮಾತನಾಡಲಿಲ್ಲ. 84.03 ಮೀಟರ್, ಎಂಟನೆಯ ಸ್ಥಾನ. 2021ರಲ್ಲಿ ಇದೇ ಟೋಕಿಯೊದ ಇದೇ ಕ್ರೀಡಾಂಗಣದಲ್ಲಿ 87.58 ಮೀಟರ್ ಎಸೆದು ಒಲಿಂಪಿಕ್ ಚಿನ್ನ ಗೆದ್ದವರು ಅವರು. ಅಂದಿನಿಂದ ಮೊನ್ನೆಯವರೆಗೆ ಯಾವ ಸ್ಪರ್ಧೆಯಲ್ಲೂ ಎರಡನೆಯ ಸ್ಥಾನಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಆದರೆ ನಾನು ಬರೆಯಲು ಕುಳಿತದ್ದು ಇನ್ನೊಬ್ಬರ ಸಲುವಾಗಿ. ಸಚಿನ್ ಯಾದವ್ ಉತ್ತರ ಪ್ರದೇಶದವರು, ಇದು ಅವರ ಮೊದಲ ವಿಶ್ವ ಚಾಂಪಿಯನ್‌ಷಿಪ್. ಮೊದಲ ಎಸೆತದಲ್ಲೇ 86.27 ಮೀಟರ್. ಕಂಚು ಪಡೆದ ಅಮೆರಿಕದ ಕರ್ಟಿಸ್ ಥಾಂಪ್ಸನ್ ಎಸೆದದ್ದು 86.67. ನಡುವೆ ಇರುವುದು 40 ಸೆಂಟಿಮೀಟರ್. ನನ್ನ ಕೊರಳಲ್ಲಿ ಯಾವ ಹೊತ್ತೂ ಟೇಪು ಇರುತ್ತದೆ. ಅದನ್ನು ಬಿಚ್ಚಿ ಮೇಜಿನ ಮೇಲೆ ಹಿಡಿದು ಹುಡುಗರಿಗೆ ತೋರಿಸಿದೆ. ಹದಿನಾರು ಇಂಚೂ ತುಂಬುವುದಿಲ್ಲ, ಒಂದು ಮೊಳಕ್ಕಿಂತ ಕಡಿಮೆ. ನಾವು ಹೊಲಿಯುವ ಪ್ಯಾಂಟಿನಲ್ಲಿ ಮೊಣಕಾಲಿನಿಂದ ಕೆಳಗಿನ ತುಂಡು ಅಷ್ಟಿರುತ್ತದೆ.

ರಾತ್ರಿ ಸುದ್ದಿ ಹಾಕಿದರೆ ಎಲ್ಲ ಕಡೆ ಒಂದೇ ಪದ: ನಿರಾಸೆ. ನೀರಜ್ ಸೋತರು ಎಂಬುದು ಮೂರು ನಿಮಿಷ, ಸಚಿನ್ ನಾಲ್ಕನೆಯವರಾದರು ಎಂಬುದು ಒಂದು ಸಾಲು. ಜಗತ್ತಿನಲ್ಲಿ ನಾಲ್ಕನೆಯವನಾಗಿ ನಿಂತವನ ಹೆಸರು ಹೇಳಲು ನಮಗೆ ಇಷ್ಟು ಕಷ್ಟವೇಕೆ? ಆಟ ಬಲ್ಲವರು ಹೇಳಿ, ಈ ತಂಡ ನಿಜವಾಗಿ ಸೋತು ಬಂದಿದೆಯೇ?

ಲೆಕ್ಕದ ಪುಸ್ತಕ, ರಾಯಚೂರು | 18 ಸೆಪ್ಟೆಂಬರ್, ರಾತ್ರಿ 10:25

ಅಣ್ಣಾ, ನಿಮ್ಮ ಸಂಕಟ ನನಗೂ ಇದೆ. ಹಾಗೆಂದು ಸಮಾಧಾನದ ಮಾತು ಆಡಲಾರೆ. ಲೆಕ್ಕ ಹಾಕೋಣ.

ಇಂಥ ಕೂಟಗಳಲ್ಲಿ ಪದಕಪಟ್ಟಿಯ ಜೊತೆಗೆ ಸ್ಥಾನಪಟ್ಟಿ ಎಂಬುದೊಂದು ಇದೆ. ಮೊದಲ ಸ್ಥಾನಕ್ಕೆ 8 ಅಂಕ, ಎರಡನೆಯದಕ್ಕೆ 7, ಹೀಗೆ ಇಳಿಯುತ್ತಾ ಎಂಟನೆಯದಕ್ಕೆ 1. ಪದಕ ತಪ್ಪಿದವರ ಶ್ರಮವನ್ನೂ ಎಣಿಸುವ ಲೆಕ್ಕ ಇದು, ನೀವು ಕೇಳುತ್ತಿರುವುದೂ ಇದನ್ನೇ.

2022, ಯೂಜೀನ್: ನೀರಜ್ 88.13 ಮೀಟರ್ ಎಸೆದು ಬೆಳ್ಳಿ. ಉದ್ದ ಜಿಗಿತದಲ್ಲಿ ಶ್ರೀಶಂಕರ್ ಏಳನೆಯವರು, ಮಹಿಳಾ ಜಾವೆಲಿನ್‌ನಲ್ಲಿ ಅನ್ನು ರಾಣಿ ಏಳನೆಯವರು. ಒಟ್ಟು 11 ಅಂಕ.

2023, ಬುಡಾಪೆಸ್ಟ್: ನೀರಜ್ 88.17 ಮೀಟರ್, ಚಿನ್ನ. ಅದೇ ಫೈನಲ್‌ನಲ್ಲಿ ಕಿಶೋರ್ ಜೆನಾ ಐದನೆಯವರು, ನಮ್ಮ ಹಾಸನ ಜಿಲ್ಲೆಯ ಡಿ.ಪಿ. ಮನು ಆರನೆಯವರು. ಪುರುಷರ 4x400 ರಿಲೇ ತಂಡ ಐದನೆಯದು. ಒಟ್ಟು 19.

2025, ಟೋಕಿಯೊ: ಸಚಿನ್ ನಾಲ್ಕು, ಎತ್ತರ ಜಿಗಿತದಲ್ಲಿ ಸರ್ವೇಶ್ ಕುಶಾರೆ ಆರು, ನೀರಜ್ ಎಂಟು. 5, 3, 1. ಒಟ್ಟು 9. ಕೂಟ ಮುಗಿಯಲು ಇನ್ನೂ ಮೂರು ದಿನ ಇದೆ, ಆದರೆ ಉಳಿದ ಸ್ಪರ್ಧೆಗಳಲ್ಲಿ ಎಂಟರೊಳಗೆ ಬರುವವರು ನನಗೆ ಕಾಣುತ್ತಿಲ್ಲ.

ಎರಡು ವರ್ಷಗಳಲ್ಲಿ 19 ಇದ್ದದ್ದು 9ಕ್ಕೆ ಬಂದಿದೆ. ಪದಕವನ್ನು ಪೂರ್ತಿ ಬದಿಗಿಟ್ಟರೂ ಇದು ಇಳಿಕೆ. ಸಚಿನ್ ಅವರನ್ನು ಹೊಗಳೋಣ, ಹೊಗಳಲೇಬೇಕು. ತಂಡವನ್ನು ಹೊಗಳುವುದು ನನ್ನಿಂದ ಆಗದು.

ಎರಡನೇ ಪಾಳಿ, ತೋರಣಗಲ್ಲು | 18 ಸೆಪ್ಟೆಂಬರ್, ರಾತ್ರಿ 11:50

ಈಗಷ್ಟೇ ಪಾಳಿ ಮುಗಿಸಿ ಬಂದೆ. ಮಧ್ಯಾಹ್ನದ ಪಾಳಿಯವರಿಗೆ ನೇರ ಪ್ರಸಾರದ ಭಾಗ್ಯವಿಲ್ಲ. ಗೇಟಿನ ಹೊರಗೆ ಬಂದು ಮೊಬೈಲ್ ತೆರೆದಾಗ ಫಲಿತಾಂಶ ಗೊತ್ತಾಯಿತು.

ನೀರಜ್ ಬಗ್ಗೆ ನಮ್ಮೂರಿನವರಿಗೆ ಬೇರೆ ರೀತಿಯ ಅಕ್ಕರೆ ಇದೆ. ಇಲ್ಲಿನ ವಿದ್ಯಾನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆಯಲ್ಲ, 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆದ ಮೇಲೆ ಅವರು ಚೇತರಿಸಿಕೊಂಡದ್ದು ಅಲ್ಲಿಯೇ. ಆ ಕೈ ಮತ್ತೆ ಭರ್ಜಿ ಹಿಡಿಯಲು ಕಲಿತದ್ದು ನಮ್ಮ ಬಿಸಿಲಿನಲ್ಲಿ. ಈ ಬಾರಿ ಸ್ಪರ್ಧೆಗೆ ಎರಡು ವಾರ ಇರುವಾಗ ಬೆನ್ನು ಹಿಡಿದುಕೊಂಡಿತ್ತಂತೆ. ಆ ಬೆನ್ನಿನಲ್ಲಿ ಅರ್ಹತಾ ಸುತ್ತಿನ ಮೊದಲ ಎಸೆತದಲ್ಲೇ 84.85 ಎಸೆದು ನೇರವಾಗಿ ಫೈನಲ್ ತಲುಪಿದ್ದರು. ಅದು ನಿನ್ನೆ, ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನ. ಬೆಳಿಗ್ಗೆ ಮಗಳ ಶಾಲೆಯಲ್ಲಿ ಧ್ವಜಾರೋಹಣ, ಸಂಜೆ ಆ ಎಸೆತ. ಮನೆಯಲ್ಲಿ ಹಬ್ಬದಂತಿತ್ತು.

ಇನ್ನೊಂದು ವಿಷಯ ಹೇಳಬೇಕು. ಉದ್ದ ಜಿಗಿತದ ರಾಷ್ಟ್ರೀಯ ದಾಖಲೆ ಎಲ್ಲಿ ಆದದ್ದು ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2 ಮಾರ್ಚ್ 2023, ಇಲ್ಲಿಯೇ, ವಿದ್ಯಾನಗರದ ಅಂಕಣದಲ್ಲಿ. ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದರು. ಅಂದು ನನಗೆ ವಾರದ ರಜೆ ಇತ್ತು, ಮನೆಯಲ್ಲಿ ಮಲಗಿದ್ದೆ. ಸೈಕಲ್ ತುಳಿದರೆ ಹತ್ತು ನಿಮಿಷದ ದಾರಿ. ಆ ದಿನ ನಿದ್ದೆ ಮಾಡಿದ್ದಕ್ಕೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ನಿನ್ನೆ ಟೋಕಿಯೊದಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದ ಇಟಲಿಯ ಮಟ್ಟಿಯಾ ಫುರ್ಲಾನಿ ಜಿಗಿದದ್ದು 8.39 ಮೀಟರ್.

ಮಾನ್ವಿಯ ಹತ್ತಿ | 19 ಸೆಪ್ಟೆಂಬರ್, ಬೆಳಿಗ್ಗೆ 6:15

ಎರಡು ಸಲ ಓದಿದೆ. ಸಂಡೂರು ತಾಲೂಕಿನ ಮರಳಿನಲ್ಲಿ ಬಿದ್ದ ಹೆಜ್ಜೆ ಟೋಕಿಯೊದ ಚಿನ್ನಕ್ಕಿಂತ ಮೂರು ಸೆಂಟಿಮೀಟರ್ ಮುಂದೆ ಇದೆ!

ನಿವೃತ್ತ ಪಿ.ಟಿ. ಶಿಕ್ಷಕ, ಕುಷ್ಟಗಿ | 19 ಸೆಪ್ಟೆಂಬರ್, ಬೆಳಿಗ್ಗೆ 7:30

ಮಾನ್ವಿಯ ತಮ್ಮನ ಸಂಭ್ರಮ ಕಂಡು ಖುಷಿಯಾಯಿತು. ಮೂವತ್ತೊಂದು ವರ್ಷ ಮಕ್ಕಳನ್ನು ಮಣ್ಣಿನ ಅಂಕಣದಲ್ಲಿ ಓಡಿಸಿದವನಾಗಿ ಒಂದೆರಡು ಮಾತು ಸೇರಿಸುತ್ತೇನೆ, ಬೇಸರಪಡಬೇಡಿ.

8.42 ನಿಜವಾದ ಜಿಗಿತ. ದಾಖಲೆ ಎಂದು ಒಪ್ಪಿಕೊಂಡಿದ್ದಾರೆಂದರೆ ಬೆನ್ನಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮಿತಿಯ ಒಳಗೇ ಇತ್ತು. ಆದರೆ ಅದೇ ಜೆಸ್ವಿನ್ ಐದು ತಿಂಗಳ ನಂತರ ಬುಡಾಪೆಸ್ಟ್‌ನಲ್ಲಿ ಅರ್ಹತಾ ಸುತ್ತಿನಲ್ಲಿ 8.00 ಮೀಟರ್ ಜಿಗಿದು ಹನ್ನೆರಡನೆಯವರಾಗಿ ಕಷ್ಟದಿಂದ ಒಳಬಂದರು. ಫೈನಲ್‌ನಲ್ಲಿ 7.77, ಹನ್ನೊಂದನೆಯ ಸ್ಥಾನ. ಅಂದು ಕಂಚು ಹೋದದ್ದು 8.27ಕ್ಕೆ. ಈ ಸಲ ಅವರು ತಂಡದಲ್ಲಿ ಇರಲಿಲ್ಲ. ಹೋದ ಶ್ರೀಶಂಕರ್ 7.78 ಜಿಗಿದು ಅರ್ಹತಾ ಸುತ್ತಿನಲ್ಲೇ ಉಳಿದರು.

ಕಾಲಿನಲ್ಲಿ ಶಕ್ತಿ ಇದ್ದರೆ ಸಾಲದು, ಅದು ಬೇಕಾದ ದಿನ ಬರಬೇಕು. ದೇಶದೊಳಗಿನ ಕೂಟದಲ್ಲಿ ಓಟದ ಗುರುತು ಗೊತ್ತು, ಗಾಳಿ ಗೊತ್ತು, ಪಕ್ಕದಲ್ಲಿ ನಿಂತವರೂ ಗೊತ್ತಿರುವವರು. ವಿಶ್ವ ಕೂಟದಲ್ಲಿ ಮೊದಲು ಅರ್ಹತಾ ಸುತ್ತು, ಮೂರೇ ಅವಕಾಶ. ಹಲಗೆಯ ಗೆರೆಯಾಚೆ ಬೂಟಿನ ತುದಿ ಗಾಳಿಯಲ್ಲಿ ಹಾದರೂ ಈಗ ಫೌಲ್. ಹಿಂದೆ ಗೆರೆಯ ಮುಂದಿನ ಮೆತ್ತನೆಯ ಪಟ್ಟಿಯಲ್ಲಿ ಗುರುತು ಬಿದ್ದರೆ ಮಾತ್ರ ಫೌಲ್ ಆಗುತ್ತಿತ್ತು.

ಗುಲ್ವೀರ್ ಸಿಂಗ್ ಅವರ 10,000 ಮೀಟರ್ ಓಟ ನೋಡಿದಿರಾ? ಕಳೆದ ಮಾರ್ಚಿನಲ್ಲಿ ಅಮೆರಿಕದಲ್ಲಿ 27 ನಿಮಿಷ 0.22 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆದವರು. ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದರು. ಟೋಕಿಯೊದಲ್ಲಿ 29:13.33, ಹದಿನಾರನೆಯ ಸ್ಥಾನ. ಗೆದ್ದ ಫ್ರಾನ್ಸಿನ ಜಿಮ್ಮಿ ಗ್ರೆಸಿಯೆ ತೆಗೆದುಕೊಂಡ ಕಾಲ 28:55.77. ಅಂದರೆ ವಿಶ್ವ ಚಾಂಪಿಯನ್ ಓಡಿದ್ದು ನಮ್ಮವರ ಶ್ರೇಷ್ಠ ಓಟಕ್ಕಿಂತ ಸುಮಾರು ಎರಡು ನಿಮಿಷ ನಿಧಾನ! ಸೆಕೆ ಇತ್ತು, ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾ ಗುಂಪಿನಲ್ಲಿ ಓಡಿದರು, ಕೊನೆಯ ಸುತ್ತಿನಲ್ಲಿ ಕಾಲು ಕಿತ್ತರು. ಆ ಕೊನೆಯ ಸುತ್ತಿನ ಓಟ ನಮ್ಮವರಿಗೆ ಇನ್ನೂ ಕೈಗೂಡಿಲ್ಲ. ಇಲ್ಲಿ ಗೆಲ್ಲುವಾಗ ಅವರ ಜೊತೆ ಕೊನೆಯವರೆಗೆ ಓಡುವವರು ಯಾರಿದ್ದಾರೆ?

ನೀರಜ್ ವಿಷಯವೂ ಹೀಗೆಯೇ. ಮೇ ತಿಂಗಳಲ್ಲಿ ದೋಹಾದಲ್ಲಿ 90.23 ಮೀಟರ್. ನಿನ್ನೆ ಗೆದ್ದ ಟ್ರಿನಿಡಾಡ್‌ನ ವಾಲ್ಕಾಟ್ ಎಸೆದದ್ದು 88.16. ಪ್ಯಾರಿಸ್‌ನಲ್ಲಿ 92.97 ಎಸೆದು ಒಲಿಂಪಿಕ್ ಚಿನ್ನ ಪಡೆದ ಪಾಕಿಸ್ತಾನದ ಅರ್ಷದ್ ನದೀಂ 82.75ಕ್ಕೆ ನಿಂತು ಹತ್ತನೆಯವರಾದರು. ದೋಹಾದಲ್ಲಿ 91 ದಾಟಿಸಿದ್ದ ಜರ್ಮನಿಯ ವೆಬರ್ ಐದನೆಯವರು. ಆ ಸಂಜೆ ದೊಡ್ಡವರೆಲ್ಲ ಇಳಿದರು, ಆ ಬಾಗಿಲಿನಿಂದ ಸಚಿನ್ ಒಳಬಂದರು. ಹಾಗೆ ಒಳಬರುವವನೊಬ್ಬ ತಂಡದಲ್ಲಿ ಇದ್ದನಲ್ಲ, ಅದು ನನಗೆ ದೊಡ್ಡದು. 2003ರಲ್ಲಿ ಪ್ಯಾರಿಸ್‌ನಲ್ಲಿ ಅಂಜು ಬಾಬಿ ಜಾರ್ಜ್ 6.70 ಮೀಟರ್ ಜಿಗಿದು ನಮಗೆ ಮೊದಲ ಪದಕ ತಂದಾಗ ಅವರ ಹಿಂದೆ ಯಾರೂ ಇರಲಿಲ್ಲ. ಮುಂದಿನ ಪದಕಕ್ಕೆ ಹತ್ತೊಂಬತ್ತು ವರ್ಷ ಕಾದೆವು.

ಲೆಕ್ಕದ ಪುಸ್ತಕ, ರಾಯಚೂರು | 19 ಸೆಪ್ಟೆಂಬರ್, ಬೆಳಿಗ್ಗೆ 8:45

ಗುರುಗಳೇ, ಜಾವೆಲಿನ್ ಮಟ್ಟಿಗೆ ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಹಾಲಿ ಚಾಂಪಿಯನ್ನರಿಗೆ ನೇರ ಪ್ರವೇಶ ಇದ್ದುದರಿಂದ ಒಂದೇ ಸ್ಪರ್ಧೆಗೆ ನಮ್ಮವರು ನಾಲ್ವರು ಹೋಗಿದ್ದರು. ಇಂಥದ್ದು ಹಿಂದೆ ಆಗಿರಲಿಲ್ಲ.

ರಿಲೇ ಎಲ್ಲಿ ಹೋಯಿತು? ನನ್ನ ನೋವು ಅದು. ಬುಡಾಪೆಸ್ಟ್‌ನಲ್ಲಿ ಅನಸ್, ಅಮೋಜ್, ಅಜ್ಮಲ್, ರಾಜೇಶ್ ನಾಲ್ವರು ಅರ್ಹತಾ ಸುತ್ತಿನಲ್ಲಿ 2 ನಿಮಿಷ 59.05 ಸೆಕೆಂಡಿನಲ್ಲಿ ಓಡಿ ಏಷ್ಯಾದ ದಾಖಲೆ ಮುರಿದರು. ಅಮೆರಿಕದವರ ಬೆನ್ನಿಗೆ ಬೆನ್ನು ತಾಗುವಂತೆ ಎರಡನೆಯವರಾಗಿ ಬಂದರು. ಕೊನೆಯ ಸುತ್ತು ಓಡಿದ ರಾಜೇಶ್ ರಮೇಶ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದವರು. ಅಂದು ರಾತ್ರಿ ನಾನು ಗುಂತಕಲ್ಲಿನಿಂದ ರಾಯಚೂರಿಗೆ ರೈಲಿನಲ್ಲಿ ಬರುತ್ತಿದ್ದೆ. ತಪಾಸಣೆಗೆ ಬಂದವರಿಗೆ ಆ ಓಟದ ವಿಡಿಯೊ ತೋರಿಸಿದೆ. ಅವರು ನನ್ನ ಪಕ್ಕ ಕುಳಿತು ಎರಡು ಬಾರಿ ನೋಡಿದರು.

ಎರಡು ವರ್ಷಗಳ ನಂತರ ಟೋಕಿಯೊಗೆ ಹೋದ ಹತ್ತೊಂಬತ್ತು ಜನರಲ್ಲಿ ರಿಲೇ ತಂಡವೇ ಇಲ್ಲ. ಮನು ಅವರ ಮೇಲೆ 2024ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅಮಾನತು ಬಂತು, ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿತು. ಕರ್ನಾಟಕದ ಒಬ್ಬ ಹುಡುಗ ಜಗತ್ತಿನ ಆರನೆಯವನಾದಾಗ ಮನೆಮಂದಿಗೆಲ್ಲ ಸಿಹಿ ಹಂಚಿದ್ದೆ, ಅದನ್ನು ಬರೆಯುವಾಗ ಕೈ ನಡುಗುತ್ತದೆ. ತಡೆ, ನೀರಿನ ಗುಂಡಿ ದಾಟುತ್ತಾ ಓಡುವ ಸ್ಟೀಪಲ್‌ಚೇಸ್‌ನ ಅವಿನಾಶ್ ಸಾಬ್ಳೆ ಜುಲೈನಲ್ಲಿ ಮೊನಾಕೊದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಬರಲಾಗಲಿಲ್ಲ. 19 ಅಂಕ 9 ಆದದ್ದು ಹೀಗೆ. ಒಬ್ಬೊಬ್ಬರ ಕಾಲು, ಬೆನ್ನು, ನಡತೆಯ ಮೇಲೆ ನಿಂತ ತಂಡಕ್ಕೆ ಇದಾಗುತ್ತದೆ.

ಎಡದಂಡೆ ಕಾಲುವೆ, ಗಂಗಾವತಿ | 19 ಸೆಪ್ಟೆಂಬರ್, ಮಧ್ಯಾಹ್ನ 2:10

ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ಇಂದು ಬರೆಯಬೇಕೆನಿಸಿತು.

ನನ್ನ ಮಗಳು ಹತ್ತನೆಯ ತರಗತಿ. 400 ಮೀಟರ್ ಓಡುತ್ತಾಳೆ. ಬೆಳಿಗ್ಗೆ ಐದಕ್ಕೆ ಎಡದಂಡೆ ಕಾಲುವೆಯ ಏರಿಯ ಮೇಲೆ ಓಟ, ಅವರ ಅಪ್ಪ ಹಿಂದೆ ಬೈಕಿನಲ್ಲಿ ದೀಪ ಹಾಕಿಕೊಂಡು ಹೋಗುತ್ತಾರೆ. ನಾಟಿಯ ಹೊತ್ತಿನಲ್ಲಿ ಟ್ರ್ಯಾಕ್ಟರುಗಳು ಓಡಾಡಿ ಏರಿ ಕೆಸರಾಗುತ್ತದೆ, ಆಗ ಹದಿನೈದು ದಿನ ಓಟವಿಲ್ಲ. ಕಳೆದ ವರ್ಷ ವಿಭಾಗ ಮಟ್ಟದಲ್ಲಿ ಗೆದ್ದು ರಾಜ್ಯಮಟ್ಟಕ್ಕೆ ಹೋದಳು. ರಬ್ಬರಿನ ಟ್ರ್ಯಾಕ್ ಮೇಲೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮುಳ್ಳಿನ ಬೂಟನ್ನು ಬೇರೆ ಜಿಲ್ಲೆಯ ಹುಡುಗಿಯೊಬ್ಬಳಿಂದ ಎರವಲು ಪಡೆದಿದ್ದಳು, ಅದು ಒಂದು ಅಳತೆ ದೊಡ್ಡದು. ಮೊದಲ ತಿರುವಿನಲ್ಲೇ ಕಾಲು ಒಳಗೆ ಜಾರಿತು. ಏಳನೆಯವಳಾಗಿ ಬಂದು ಟ್ರ್ಯಾಕಿನ ಪಕ್ಕ ಕುಳಿತಳು. ಅಳಲಿಲ್ಲ. ಟ್ರ್ಯಾಕನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದಳು.

ಕ್ರೀಡಾ ವಸತಿ ನಿಲಯಕ್ಕೆ ಅರ್ಜಿ ಹಾಕಲು ಆ ಕೂಟದ ಪ್ರಮಾಣಪತ್ರ ಬೇಕಿತ್ತು. ಕಚೇರಿಯೊಂದರಲ್ಲಿ ಕೊಟ್ಟ ಮೂಲಪ್ರತಿ ಅಲ್ಲಿಯೇ ಕಳೆದುಹೋಯಿತು. ನಾಲ್ಕು ಸಲ ಅಲೆದೆವು, ಅಷ್ಟರಲ್ಲಿ ಆಯ್ಕೆ ಮುಗಿದಿತ್ತು. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂತು, ಅಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು ಎಂದು ಕೇಳುತ್ತೇವೆ. ನನ್ನ ಮಗಳಿಗೆ ಬೇಕಾದದ್ದು ನಾನೂರು ಮೀಟರಿನ ಒಂದು ಸುತ್ತು.

ಟೋಕಿಯೊಗೆ ಹೋದ ಹತ್ತೊಂಬತ್ತು ಜನರಲ್ಲಿ ರಿಲೇ ತಂಡ ಎಲ್ಲಿ ಹೋಯಿತು ಎಂದು ರಾಯಚೂರಿನ ಸಹೋದರರು ಕೇಳಿದ್ದಾರೆ. ಉತ್ತರ ನಮ್ಮ ಕಾಲುವೆ ಏರಿಯ ಮೇಲೆ ಇದೆ ಎಂದು ನನಗೆ ಅನಿಸುತ್ತದೆ.

ಟೇಪು ಕತ್ತರಿ, ಬಳ್ಳಾರಿ | 19 ಸೆಪ್ಟೆಂಬರ್, ಮಧ್ಯಾಹ್ನ 2:50

ಅಕ್ಕಾ, ಮಗಳ ಕಾಲಿನ ಅಳತೆ ಎಷ್ಟು?

ಭರ್ಜಿ, ದೇವದುರ್ಗ | 19 ಸೆಪ್ಟೆಂಬರ್, ಸಂಜೆ 6:30

ಅಕ್ಕನ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಜಾವೆಲಿನ್ ಎಸೆಯುತ್ತೇನೆ. ಕಾಲೇಜು ಮುಗಿಯಿತು, ಈಗ ಅಪ್ಪನ ಜೊತೆ ಹೊಲದಲ್ಲಿ ಇದ್ದೇನೆ. ನನ್ನ ಶ್ರೇಷ್ಠ ಎಸೆತ 61 ಮೀಟರ್.

ಹೈಸ್ಕೂಲಿನಲ್ಲಿ ಮೂರು ವರ್ಷ ಬಿದಿರಿನ ಭರ್ಜಿ ಎಸೆದೆ. ಬಿದಿರು ಕೈಗೆ ಹಗುರ, ತೂಕ ಎಲ್ಲಿ ಕೂಡುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು ತರಹ. ಅದನ್ನು ಎಸೆಯಲು ತೋಳಿನ ಬಲ ಸಾಕು. ನಿಜವಾದ 800 ಗ್ರಾಂ ಜಾವೆಲಿನ್ ಮೊದಲ ಬಾರಿ ಹಿಡಿದದ್ದು ವಿಶ್ವವಿದ್ಯಾಲಯದ ಕೂಟದಲ್ಲಿ. ಅದರಲ್ಲಿ ತೋಳು ಕೊನೆಗೆ ಬರಬೇಕು. ಎಡಗಾಲು ಗೂಟದಂತೆ ನೆಟ್ಟು ನಿಲ್ಲಬೇಕು, ಸೊಂಟ ಮೊದಲು ತಿರುಗಬೇಕು, ಭುಜ ಅದರ ಹಿಂದೆ ಬರಬೇಕು, ಮೊಣಕೈ ಎತ್ತರದಲ್ಲೇ ಇರಬೇಕು. ನಾನು ಮೂರು ವರ್ಷ ಕಲಿತ ತಪ್ಪು ಮೊದಲ ದಿನವೇ ಮೊಣಕೈಯಲ್ಲಿ ನೋವಾಗಿ ಹೊರಬಂತು. ನೀರಜ್‌ಗೆ ಆದ ಜಾಗದಲ್ಲೇ. ಅವರಿಗೆ ಶಸ್ತ್ರಚಿಕಿತ್ಸೆ ಆಯಿತು, ನಾನು ಅರಿಶಿನ ಸುಣ್ಣ ಕಟ್ಟಿಕೊಂಡೆ.

ಸಚಿನ್ ಯಾದವ್ ಅವರ ಮೊದಲ ಎಸೆತವನ್ನು ನಿಧಾನಗತಿಯಲ್ಲಿ ಇಪ್ಪತ್ತು ಸಲವಾದರೂ ನೋಡಿದ್ದೇನೆ. ಎತ್ತರದ ಆಳು. ಎಡಗಾಲು ನೆಟ್ಟ ಮೇಲೆ ಮೈ ಮೇಲಿಂದ ಹಾದುಹೋಗುವ ರೀತಿ ನೋಡಿ! ಭರ್ಜಿಯ ಮೊನೆ ಆಚೀಚೆ ಕುಣಿಯದೆ ಹೋಗಿ ಮೊನೆಯಿಂದಲೇ ನೆಲಕ್ಕೆ ಚುಚ್ಚಿತು. ಟಿವಿಯವರು ನಾಲ್ಕನೆಯ ಸ್ಥಾನ ಎಂದು ಹೇಳಿ ಮುಂದೆ ಹೋದರು. ಆ ಎಸೆತ ಪಾಠಪುಸ್ತಕದಲ್ಲಿ ಇರಬೇಕಾದದ್ದು.

ಫೌಲ್ ಬಗ್ಗೆ ಒಂದು ಮಾತು. ನೀರಜ್‌ಗೆ ಎರಡು ಫೌಲ್ ಆದವು ಎಂದು ಬಹಳ ಜನ ಬೈಯುತ್ತಿದ್ದಾರೆ. ಎಸೆತ ಚೆನ್ನಾಗಿ ಬೀಳಲಿಲ್ಲ ಎಂದು ಅರಿವಾದ ಕ್ಷಣ ಬೇಕೆಂದೇ ಗೆರೆ ದಾಟುವ ಎಸೆತಗಾರರು ಇದ್ದಾರೆ, ಕಡಿಮೆ ದೂರ ದಾಖಲಾಗುವುದು ಬೇಡ ಎಂದು. ಫೌಲ್ ಎಂದರೆ ಎಡವಟ್ಟು ಎಂದೇ ತಿಳಿಯಬಾರದು.

ಎರಡನೇ ಪಾಳಿ, ತೋರಣಗಲ್ಲು | 20 ಸೆಪ್ಟೆಂಬರ್, ಬೆಳಿಗ್ಗೆ 9:00

ದೇವದುರ್ಗದ ತಮ್ಮಾ, 61 ಮೀಟರ್ ಹೊಲದಲ್ಲಿ ಮುಚ್ಚಿಡುವ ಅಂಕಿಯಲ್ಲ.

ನಿನ್ನೆ ಒಬ್ಬರು ನನಗೆ ಖಾಸಗಿಯಾಗಿ ಬರೆದು ಕೇಳಿದರು: ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಸಂಸ್ಥೆ ಇರುವಾಗ ಕೊಪ್ಪಳ, ರಾಯಚೂರಿನ ಮಕ್ಕಳು ಕಾಲುವೆ ಏರಿಯ ಮೇಲೆ ಏಕೆ ಓಡಬೇಕು? ಉತ್ತರ ಎಲ್ಲರಿಗೂ ಬರೆಯುತ್ತೇನೆ. ಅಲ್ಲಿ ಅಥ್ಲೆಟಿಕ್ಸ್, ಕುಸ್ತಿ, ಬಾಕ್ಸಿಂಗ್, ಜೂಡೊ ಕಲಿಯುವ ಮಕ್ಕಳು ದೇಶದ ಎಲ್ಲ ಮೂಲೆಗಳಿಂದ ಆಯ್ಕೆಯಾಗಿ ಬರುತ್ತಾರೆ. ಅದು ಮೆಟ್ಟಿಲಿನ ಮೇಲುಗಡೆ ಇರುವ ಮನೆ. ಹರಿಯಾಣದ ಹುಡುಗ ಅಲ್ಲಿಗೆ ಬರುವ ಹೊತ್ತಿಗೆ ತನ್ನ ಊರಿನಲ್ಲಿ ನಿಜವಾದ ಜಾವೆಲಿನ್ ಹಿಡಿದು ಐದು ವರ್ಷ ಆಗಿರುತ್ತದೆ. ನಮ್ಮ ಹುಡುಗ ರೈಲಿನಲ್ಲಿ ಬಂದು ಇಳಿದರೆ ಅರ್ಧ ದಿನದ ದಾರಿಯೂ ಅಲ್ಲ, ಆದರೆ ಆಯ್ಕೆಯ ದಿನ ಅವನ ಕೈಯಲ್ಲಿ ತೋರಿಸಲು ಏನು ಇರುತ್ತದೆ? ಗಂಗಾವತಿಯ ಅಕ್ಕನ ಮಗಳಿಗೆ ವಿದ್ಯುನ್ಮಾನ ಗಡಿಯಾರದಲ್ಲಿ ಅಳೆದ ಒಂದು ಸಮಯವಾದರೂ ಇದೆಯೇ?

ನಿವೃತ್ತ ಪಿ.ಟಿ. ಶಿಕ್ಷಕ, ಕುಷ್ಟಗಿ | 20 ಸೆಪ್ಟೆಂಬರ್, ಬೆಳಿಗ್ಗೆ 10:20

ಇಲ್ಲ. ನಮ್ಮ ತಾಲೂಕು ಕೂಟಗಳಲ್ಲಿ ನಾನೇ ಕೈಗಡಿಯಾರ ಒತ್ತಿ ಸಮಯ ಹಿಡಿದಿದ್ದೇನೆ. ಸುಣ್ಣದ ಗೆರೆ ಎಳೆದ ಮೈದಾನ 400 ಮೀಟರ್ ಇರುವುದಿಲ್ಲ, 200 ಇದ್ದರೆ ಪುಣ್ಯ. ನಾಲ್ಕು ತಿರುವು ತಿರುಗಿ ಓಡಿದ ಮಗುವಿನ ಸಮಯವನ್ನು ಬೆಂಗಳೂರಿನ ಮಗುವಿನ ಸಮಯದ ಜೊತೆ ಹೇಗೆ ತೂಗುತ್ತೀರಿ?

ಸರ್ವೇಶ್ ಕುಶಾರೆ ಅವರ ವಿಷಯ ಯಾರೂ ಸರಿಯಾಗಿ ಎತ್ತಲಿಲ್ಲ. ನಾಸಿಕ್ ಜಿಲ್ಲೆಯ ಹಳ್ಳಿಯ ರೈತರ ಮನೆಯ ಹುಡುಗ. ಎತ್ತರ ಜಿಗಿತಕ್ಕೆ ಬೀಳಲು ದಪ್ಪ ಹಾಸಿಗೆ ಬೇಕು, ಅದಿಲ್ಲದಿದ್ದರೆ ಬೆನ್ನು ಮುರಿಯುತ್ತದೆ. ಅವರ ಊರಿನಲ್ಲಿ ಹಾಸಿಗೆಗೆ ಹಣವಿರಲಿಲ್ಲ. ಮೆಕ್ಕೆಜೋಳದ ತೆನೆಸಿಪ್ಪೆ ತುಂಬಿಸಿ ಹಾಸಿಗೆ ಮಾಡಿ, ಅದರ ಮೇಲೆ ಬಿದ್ದು ಕಲಿತರು. ಕಳೆದ ಮಂಗಳವಾರ ಟೋಕಿಯೊದಲ್ಲಿ 2.28 ಮೀಟರ್ ದಾಟಿದರು, ಅವರ ಜೀವನದ ಶ್ರೇಷ್ಠ ಜಿಗಿತ. ವಿಶ್ವ ಚಾಂಪಿಯನ್‌ಷಿಪ್‌ನ ಎತ್ತರ ಜಿಗಿತದ ಫೈನಲ್‌ಗೆ ಹೋದ ಮೊದಲ ಭಾರತೀಯ ಅವರು. ಶಕ್ತಿ ಬೇಕಾದ ದಿನ ಬರಬೇಕು ಎಂದೆನಲ್ಲ, ಅದು ಬಂದದ್ದು ಇವರಿಗೆ!

ಮೆಕ್ಕೆಜೋಳ ನಮ್ಮಲ್ಲಿ ಬೆಳೆಯುವುದಿಲ್ಲವೇ? ಯಲಬುರ್ಗಾ, ಕುಷ್ಟಗಿಯಲ್ಲಿ ಕಣ ಮುಗಿದ ಮೇಲೆ ಸಿಪ್ಪೆಯನ್ನು ರಾಶಿ ಹಾಕಿ ಸುಡುತ್ತೇವೆ. ನಾನು ಮೂವತ್ತೊಂದು ವರ್ಷ ಶಿಕ್ಷಕನಾಗಿದ್ದೆ, ಎತ್ತರ ಜಿಗಿತಕ್ಕೆ ಮರಳಿನ ಗುಂಡಿಯನ್ನೇ ನೆಚ್ಚಿಕೊಂಡೆ. ಮರಳಿನಲ್ಲಿ ಬೆನ್ನು ಕೆಳಗೆ ಮಾಡಿ ಬೀಳುವಂತಿಲ್ಲ, ಹಾಗಾಗಿ ಮಕ್ಕಳಿಗೆ ಕತ್ತರಿ ಜಿಗಿತವನ್ನೇ ಕಲಿಸಿದೆ. ಅದರಲ್ಲಿ ರಾಜ್ಯಮಟ್ಟ ದಾಟುವಂತಿಲ್ಲ. ಸಿಪ್ಪೆಯ ಹಾಸಿಗೆ ನನಗೇಕೆ ಹೊಳೆಯಲಿಲ್ಲ ಎಂದು ಮಂಗಳವಾರ ರಾತ್ರಿ ನಿದ್ದೆ ಬರಲಿಲ್ಲ. ಮೂವರು ಹುಡುಗಿಯರ ಮುಖ ಕಣ್ಣ ಮುಂದೆ ಬಂತು. ಆ ಮೂವರೂ ಒಳ್ಳೆಯ ಜಿಗಿತಗಾರ್ತಿಯರು.

ಮಾನ್ವಿಯ ಹತ್ತಿ | 20 ಸೆಪ್ಟೆಂಬರ್, ಬೆಳಿಗ್ಗೆ 11:05

ಗುರುಗಳೇ, ನೀವು ನಿಮ್ಮನ್ನು ಹಳಿದುಕೊಳ್ಳಬೇಡಿ. ಇನ್ನು ಎರಡು ತಿಂಗಳಿಗೆ ಕಣ ಇದೆ. ಸಿಪ್ಪೆ ಬೇಕೆಂದರೆ ನನ್ನ ಟ್ರ್ಯಾಕ್ಟರ್ ಇದೆ. ಹತ್ತಿಯ ಜಿನ್ನಿಂಗ್ ಮಿಲ್ಲಿನ ಹಳೆಯ ಗೋಣಿಚೀಲಗಳೂ ಸಿಗುತ್ತವೆ.

ಟೇಪು ಕತ್ತರಿ, ಬಳ್ಳಾರಿ | 20 ಸೆಪ್ಟೆಂಬರ್, ಮಧ್ಯಾಹ್ನ 1:15

ಹೊದಿಕೆ ನಾನು ಹೊಲಿಯುತ್ತೇನೆ. ಜೀನ್ಸಿನ ದಪ್ಪ ಬಟ್ಟೆಯ ತುಂಡುಗಳು ಗೋದಾಮಿನಲ್ಲಿ ಬಿದ್ದಿವೆ. ಜೋಡು ಹೊಲಿಗೆ ಹಾಕಿದರೆ ಎತ್ತು ಎಳೆದರೂ ಹರಿಯದು. ಗುರುಗಳೇ, ಉದ್ದ, ಅಗಲ, ದಪ್ಪ ತಿಳಿಸಿ.

ನಿವೃತ್ತ ಪಿ.ಟಿ. ಶಿಕ್ಷಕ, ಕುಷ್ಟಗಿ | 20 ಸೆಪ್ಟೆಂಬರ್, ಮಧ್ಯಾಹ್ನ 1:40

ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ, ದಪ್ಪ ಮುಕ್ಕಾಲು ಮೀಟರಿಗೆ ಕಡಿಮೆ ಬೇಡ. ಒಂದೇ ಚೀಲವಾದರೆ ಸಿಪ್ಪೆ ಮೂಲೆಗೆ ಸರಿಯುತ್ತದೆ, ಆರು ಭಾಗ ಮಾಡಿ ಒಂದಕ್ಕೊಂದು ಕಟ್ಟುವಂತಿರಲಿ. ಮಳೆಯಲ್ಲಿ ಕೊಳೆಯದಂತೆ ಮೇಲೆ ತಾಡಪಾಲು ಬೇಕು. ಇಲಿ ಸೇರುತ್ತದೆ, ಆರು ತಿಂಗಳಿಗೊಮ್ಮೆ ಸಿಪ್ಪೆ ಬದಲಿಸಬೇಕು. ನನ್ನ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಜೊತೆ ಮಾತನಾಡಿದ್ದೇನೆ. ದಸರಾ ರಜೆ ಮುಗಿದ ಮೇಲೆ ಮೈದಾನದ ಬೀಗದ ಕೈ ಕೊಡುತ್ತಾರೆ.

ದೇವದುರ್ಗದ ತಮ್ಮಾ, ನನ್ನ ಮನೆಯ ಅಟ್ಟದ ಮೇಲೆ 700 ಗ್ರಾಮಿನ ಒಂದು ಜಾವೆಲಿನ್ ಇದೆ, ಹದಿನೆಂಟರ ಒಳಗಿನ ಹುಡುಗರದು. ನಿನಗೆ ಹಗುರವಾದೀತು, ಆದರೆ ನಿನ್ನ ಊರಿನ ಹೈಸ್ಕೂಲಿನ ಹುಡುಗರಿಗೆ ಆಗುತ್ತದೆ. ಬಂದು ತೆಗೆದುಕೊಂಡು ಹೋಗು. ಬಿದಿರಿನಲ್ಲಿ ಕಲಿತ ತಪ್ಪು ಏನೆಂದು ನಿನಗೆ ಗೊತ್ತಲ್ಲ, ಅದನ್ನು ಅವರಿಗೆ ಹೇಳಿಕೊಡು.

ಭರ್ಜಿ, ದೇವದುರ್ಗ | 20 ಸೆಪ್ಟೆಂಬರ್, ಮಧ್ಯಾಹ್ನ 2:05

ಭಾನುವಾರವೇ ಬರುತ್ತೇನೆ, ಗುರುಗಳೇ. ಬಸ್ಸಿನೊಳಗೆ ಹಿಡಿಸುವುದಿಲ್ಲ, ಬೈಕಿಗೆ ಕಟ್ಟಿಕೊಂಡು ಬರುತ್ತೇನೆ.

ಲೆಕ್ಕದ ಪುಸ್ತಕ, ರಾಯಚೂರು | 21 ಸೆಪ್ಟೆಂಬರ್, ರಾತ್ರಿ 8:30

ಕೂಟ ಮುಗಿಯಿತು. ನಮ್ಮ ಅಂಕ 9ರಲ್ಲೇ ನಿಂತಿತು. ಮೊದಲ ದಿನ ಹೇಳಿದ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ, ಇದು ಇಳಿಕೆಯೇ. ಆದರೆ ಆ ಒಂಬತ್ತರಲ್ಲಿ ಎಂಟು ಅಂಕ ತಂದವರ ಹೆಸರು ಮೂರು ವಾರದ ಹಿಂದೆ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಸಚಿನ್ ಅವರ 5, ಸರ್ವೇಶ್ ಅವರ 3. ಅದನ್ನು ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಕುಷ್ಟಗಿಯ ಮೈದಾನಕ್ಕೆ 50 ಮೀಟರಿನ ಉಕ್ಕಿನ ಟೇಪು ನನ್ನ ಕಡೆಯಿಂದ. ಬಟ್ಟೆಯ ಟೇಪು ಜಗ್ಗುತ್ತದೆ, ಬಳ್ಳಾರಿಯ ಅಣ್ಣನಿಗೆ ಗೊತ್ತು.

ಎಡದಂಡೆ ಕಾಲುವೆ, ಗಂಗಾವತಿ | 21 ಸೆಪ್ಟೆಂಬರ್, ರಾತ್ರಿ 9:15

ಅಣ್ಣಾ, ನೀವು ಕಾಲಿನ ಅಳತೆ ಕೇಳಿದ್ದಿರಿ. ಎರಡು ದಿನ ಉತ್ತರಿಸಲು ಸಂಕೋಚವಾಯಿತು. ಮಗಳೇ ಬರೆಯಲು ಹೇಳಿದಳು. ಐದು. ಹಳೆಯದಾದರೂ ಪರವಾಗಿಲ್ಲ ಎನ್ನುತ್ತಿದ್ದಾಳೆ.

ಟೇಪು ಕತ್ತರಿ, ಬಳ್ಳಾರಿ | 21 ಸೆಪ್ಟೆಂಬರ್, ರಾತ್ರಿ 9:32

ಹಳೆಯದು ಬೇಡ ತಂಗಿ. ನಮ್ಮ ಘಟಕದ ಹನ್ನೊಂದು ಜನ ಸೇರಿ ಹಣ ಹಾಕಿದ್ದೇವೆ. ಮಣ್ಣಿಗೆ ಉದ್ದದ ಮುಳ್ಳು, ರಬ್ಬರಿಗೆ ಗಿಡ್ಡ ಮುಳ್ಳು, ಎರಡೂ ತಿರುಗಿಸಿ ಹಾಕುವಂಥದ್ದು ಎಂದು ಅಂಗಡಿಯವರು ಹೇಳಿದರು. ಬುಧವಾರ ಬೆಳಿಗ್ಗೆ ಏಳರ ಗಂಗಾವತಿ ಬಸ್ಸಿನ ನಿರ್ವಾಹಕರ ಕೈಗೆ ಕೊಡುತ್ತೇನೆ. ಹತ್ತರ ಹೊತ್ತಿಗೆ ಯಾರಾದರೂ ಬಸ್ ನಿಲ್ದಾಣದಲ್ಲಿ ಇರಿ, ನೀಲಿ ಜೀನ್ಸ್ ಬಟ್ಟೆಯ ಚೀಲ.